ಮೋಳಿಗೆಯ ಹೊರೆಯೂ ಕಾಡಿನ ಠರಾವೂ

ಮೋಳಿಗೆಯ ಮಾರಯ್ಯನವರ ಹೆಸರನ್ನು ನಾವು ಭಕ್ತಿಯಿಂದ ಉಚ್ಚರಿಸುತ್ತೇವೆ. ಆದರೆ ಆ ಹೆಸರಿನ ಮೊದಲ ಪದದ ಮೇಲೆ ನಮ್ಮ ಗಮನ ನಿಲ್ಲುವುದು ಕಡಿಮೆ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಮಾರಯ್ಯನವರು ಕಾಶ್ಮೀರ ದೇಶದ ಅರಸರಾಗಿದ್ದರೆಂದು ನಮ್ಮ ಪರಂಪರೆ ಹೇಳುತ್ತದೆ. ಬಸವಣ್ಣನವರ ಕೀರ್ತಿಯನ್ನು ಕೇಳಿ, ರಾಜ್ಯವನ್ನು ತೊರೆದು, ಪತ್ನಿ ಮಹಾದೇವಿಯಮ್ಮನವರೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆಯನ್ನು ತಂದು ಮಾರಿ, ಅದರಿಂದ ಬಂದ ಹಣದಲ್ಲಿ ಜಂಗಮ ದಾಸೋಹವನ್ನು ನಡೆಸಿದ ಮಹಾನುಭಾವರು ಅವರು. ಅರಸೊತ್ತಿಗೆಯನ್ನು ಬಿಟ್ಟುದನ್ನು ನಾವು ಬಾಯ್ತುಂಬ ಹೊಗಳುತ್ತೇವೆ. ಹೊರೆಯನ್ನು ಹೊತ್ತುದನ್ನು ಮಾತ್ರ ತ್ಯಾಗದ ಒಂದು ಕುರುಹೆಂದು ಭಾವಿಸಿ ಮುಂದೆ ಸಾಗುತ್ತೇವೆ. ಆ ಹೊರೆ ಎಲ್ಲಿಂದ ಬಂತು, ಅದನ್ನು ತರಲು ಅವರಿಗೆ ದಾರಿ ಹೇಗೆ ತೆರೆದಿತ್ತು ಎಂದು ಯಾರೂ ಕೇಳುವುದಿಲ್ಲ.

ನುಲಿಯ ಚಂದಯ್ಯನವರ ಕಾಯಕವೂ ಇಂಥದೇ. ಕೆರೆಯಂಚಿನ ಹುಲ್ಲನ್ನು ಕೊಯ್ದು, ಹೊಸೆದು, ಹಗ್ಗ ಮಾಡಿ ಮಾರುವುದು ಅವರ ಬದುಕು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲ. ಕೊನೆಗೆ ಲಿಂಗವೇ ಅವರ ಬೆನ್ನುಹತ್ತಿ ಬರಬೇಕಾಯಿತು, ಮಡಿವಾಳ ಮಾಚಿದೇವರು ನಡುವೆ ಬಂದು ಸಮಾಧಾನ ಹೇಳಬೇಕಾಯಿತು, ಲಿಂಗವೂ ಕಾಯಕಕ್ಕೆ ನಿಲ್ಲಬೇಕಾಯಿತು ಎಂಬ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ಚಿತ್ರಿಸುತ್ತದೆ. ಕಾಯಕದ ಹಿರಿಮೆಯನ್ನು ಇದಕ್ಕಿಂತ ದಿಟ್ಟವಾಗಿ ಹೇಳಿದ ಕಥೆ ಇನ್ನೊಂದಿಲ್ಲ.

ಈ ಇಬ್ಬರು ಶರಣರ ಕಾಯಕಕ್ಕೆ ಬೇಕಾದ ಮೂಲವಸ್ತುವು ಯಾರ ಹೊಲದಲ್ಲಿಯೂ ಬೆಳೆದುದಲ್ಲ. ಅದು ಕಾಡಿನದು, ಕೆರೆಯಂಗಳದ್ದು, ಎಲ್ಲರದ್ದು. ಹೊಲವಿದ್ದವನಿಗೆ ಹೊಲವುಂಟು, ಅಂಗಡಿಯಿದ್ದವನಿಗೆ ಅಂಗಡಿಯುಂಟು. ಏನೂ ಇಲ್ಲದವನಿಗೆ ಊರ ಹೊರಗಣ ಈ ಸಾಮಾನ್ಯ ನೆಲವೇ ಬಂಡವಾಳ. ಒಂದು ಕ್ಷಣ ಊಹಿಸೋಣ. ಕಲ್ಯಾಣದ ಸ್ಥಿತಿವಂತರು ಕೆಲವರು ಒಂದು ಸಂಜೆ ಸಭೆ ಸೇರಿ, ಮಾರಯ್ಯನವರನ್ನು ಕೇಳದೆ, ಕಾಡು ಕ್ಷೀಣಿಸುತ್ತಿದೆಯಾದ್ದರಿಂದ ನಾಳೆಯಿಂದ ಹೊರೆ ತರುವಂತಿಲ್ಲ ಎಂದು ನಿರ್ಣಯಿಸಿಬಿಟ್ಟಿದ್ದರೆ ಏನಾಗುತ್ತಿತ್ತು? ನಿರ್ಣಯದ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಮಾರಯ್ಯನವರ ಕಾಯಕವು ಆ ದಿನವೇ ನಿಲ್ಲುತ್ತಿತ್ತು. ಕಾಯಕ ನಿಂತಲ್ಲಿ ಅವರ ದಾಸೋಹವೂ ನಿಲ್ಲುತ್ತಿತ್ತು.

ಈ ಊಹೆಯನ್ನು ನಾನು ಸುಮ್ಮನೆ ಮಾಡಲಿಲ್ಲ. ನಮ್ಮ ನಾಡಿನ ಅನೇಕ ಗ್ರಾಮಗಳಲ್ಲಿ ಇದು ನಡೆದಿದೆ. ನಡೆಸಿದವರಲ್ಲಿ ನಮ್ಮವರೂ ಇದ್ದಾರೆ. ಆದುದರಿಂದ ಇಂದಿನ ಚಿಂತನೆಯಲ್ಲಿ ಕಾಡಿನ ಕುರಿತ ನಿರ್ಣಯಗಳಲ್ಲಿ ಬಡವರ, ದಲಿತರ, ಹೆಣ್ಣುಮಕ್ಕಳ ಮಾತಿಗೆ ಸಲ್ಲಬೇಕಾದ ಸ್ಥಾನವನ್ನು ಕುರಿತು ನಿವೇದಿಸಲು ಇಚ್ಛಿಸುತ್ತೇನೆ.

ವಿಷಯದ ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಹೇಳುವುದು ಉಚಿತ. ಬ್ರಿಟಿಷರ ಕಾಲದಿಂದಲೂ ಕಾಡು ಸರ್ಕಾರದ ಸ್ವತ್ತಾಗಿತ್ತು. ಊರವರು ಅದರಲ್ಲಿ ಕಳ್ಳರಂತೆ ಓಡಾಡಬೇಕಾಗಿತ್ತು. ಕಾವಲಿನಿಂದ ಮಾತ್ರವೇ ಕಾಡು ಉಳಿಯದು, ಊರವರ ಸಹಕಾರ ಬೇಕು ಎಂಬ ಅರಿವು ನಿಧಾನವಾಗಿ ಮೂಡಿತು. 1990ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಜನರನ್ನು ಅರಣ್ಯ ರಕ್ಷಣೆಯಲ್ಲಿ ತೊಡಗಿಸುವಂತೆ ರಾಜ್ಯಗಳಿಗೆ ಸೂಚಿಸಿತು. 1993ರಲ್ಲಿ ಕರ್ನಾಟಕ ಸರ್ಕಾರವು ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶವನ್ನು ಹೊರಡಿಸಿತು. ಹೀಗೆ ಊರೂರಿನಲ್ಲಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿಕೊಂಡವು. ಊರವರು ಕಾಡನ್ನು ಕಾಯಬೇಕು, ನೆಡುತೋಪನ್ನು ಬೆಳೆಸಬೇಕು, ಬಂದ ಆದಾಯದಲ್ಲಿ ಊರಿಗೂ ಪಾಲು ದೊರೆಯಬೇಕು ಎಂಬುದು ಅದರ ಆಶಯ. ಸಮಿತಿಗೆ ಊರಿನವರೊಬ್ಬರು ಅಧ್ಯಕ್ಷರು, ಅರಣ್ಯ ಇಲಾಖೆಯ ಸಿಬ್ಬಂದಿಯೊಬ್ಬರು ಸದಸ್ಯ ಕಾರ್ಯದರ್ಶಿ. ಮಹಿಳೆಯರಿಗೂ, ಪರಿಶಿಷ್ಟರಿಗೂ, ಭೂಮಿಯಿಲ್ಲದವರಿಗೂ ಕಾರ್ಯಕಾರಿ ಮಂಡಳಿಯಲ್ಲಿ ಸ್ಥಾನವಿರಬೇಕೆಂಬ ನಿಯಮವೂ ಇತ್ತು. ಕಾಗದದ ಮೇಲೆ ನೋಡಿದರೆ ಇದೊಂದು ಪುಟ್ಟ ಅನುಭವ ಮಂಟಪವೇ ಸರಿ.

ಮಲೆನಾಡಿನ ಸೆರಗಿನಲ್ಲಿರುವ ನಮ್ಮೂರಿನಲ್ಲಿಯೂ ಇಂಥದೊಂದು ಸಮಿತಿ ಇತ್ತು. ನಮ್ಮ ದೊಡ್ಡಪ್ಪನವರೇ ಅದರ ಅಧ್ಯಕ್ಷರು. ಸಭೆ ನಮ್ಮ ಮನೆಯ ಪಡಸಾಲೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ ಸೇರುತ್ತಿತ್ತು. ಐದಾರು ಜನ ಹಿರಿಯರು ಬರುತ್ತಿದ್ದರು. ಎಲ್ಲರೂ ಗಂಡಸರು, ಎಲ್ಲರೂ ಹೊಲಮನೆಯುಳ್ಳವರು. ಚಹಾ ಆಗುತ್ತಿತ್ತು, ಮಾತಾಗುತ್ತಿತ್ತು, ಠರಾವು ಬರೆದಾಗುತ್ತಿತ್ತು. ಕೇರಿಯ ಸದಸ್ಯರ ಸಹಿಯನ್ನು ಮರುದಿನ ಮನೆಮನೆಗೆ ಹೋಗಿ ಹಾಕಿಸಿಕೊಂಡು ಬರುವ ಕೆಲಸ ನನ್ನದು. ನಾನಾಗ ಐದನೆಯ ಇಯತ್ತೆಯಲ್ಲಿದ್ದೆ. ಆ ಕೆಲಸದಲ್ಲಿ ನನಗೆ ಬಹಳ ಹೆಮ್ಮೆಯಿತ್ತು.

ಸದಸ್ಯರ ಪಟ್ಟಿಯಲ್ಲಿ ಕೇರಿಯ ಒಬ್ಬ ಅಜ್ಜಿಯ ಹೆಸರಿತ್ತು. ವಾರಕ್ಕೆರಡು ಸಲ ಊರ ಹಿಂದಿನ ಗುಡ್ಡದಿಂದ ಒಣ ಕಟ್ಟಿಗೆಯನ್ನು ತಂದು ನಮ್ಮ ಮನೆಗೂ ಇನ್ನೆರಡು ಮನೆಗಳಿಗೂ ಹಾಕುವುದು ಆಕೆಯ ಜೀವನೋಪಾಯ. ನಾನು ನಡಾವಳಿ ಪುಸ್ತಕವನ್ನು ಒಯ್ದು ಮುಂದೆ ಹಿಡಿದಾಗ ಆಕೆ ಹೊರೆಯನ್ನು ಇಳಿಸಿ, ಕೈ ಒರೆಸಿಕೊಂಡು ಕೇಳಿದಳು: “ಇದ್ರಾಗ ಏನ್ ಬರದೈತ್ರಿ, ಸಣ್ಣ ಗೌಡ್ರ?” ನಾನು ಹೇಳಿದೆ: “ನಂಗೇನ್ ಗೊತ್ತು? ದೊಡ್ಡಪ್ಪ ಹೆಬ್ಬಟ್ಟು ಹಾಕಿಸ್ಕೊಂಡ್ ಬಾ ಅಂದಾರ. ಹಾಕು.” ಆಕೆ ಹಾಕಿದಳು.

ಆ ಪುಟದಲ್ಲಿ ಬರೆದದ್ದೇನೆಂಬುದು ನನಗೆ ತಿಳಿದದ್ದು ಆಮೇಲೆ. ಊರ ಹಿಂದಿನ ಗುಡ್ಡವನ್ನು ಐದು ವರ್ಷಗಳ ಕಾಲ ಮುಚ್ಚತಕ್ಕದ್ದು, ದನಕುರಿಗಳನ್ನು ಮೇಯಿಸಕೂಡದು, ಕಟ್ಟಿಗೆ ತರಕೂಡದು, ಅಕೇಶಿಯಾ ಸಸಿಗಳನ್ನು ನೆಡತಕ್ಕದ್ದು ಎಂದು ಅಲ್ಲಿತ್ತು. ಸರ್ವಾನುಮತದ ಠರಾವು. ಮಳೆಗಾಲಕ್ಕೆ ಮುಂಚೆ ಗುಡ್ಡದ ಸುತ್ತ ಅಗಳು ತೋಡಿದರು. ನಮ್ಮ ಮನೆಗೆ ತೊಂದರೆಯೇನೂ ಆಗಲಿಲ್ಲ. ಹೊಲದ ಬದುವಿನಲ್ಲಿ ಮರಗಳಿದ್ದವು, ಕೊಟ್ಟಿಗೆಯಲ್ಲಿ ಮೇವಿತ್ತು, ಮುಂದೆ ಗ್ಯಾಸ್ ಒಲೆಯೂ ಬಂತು. ಅಜ್ಜಿ ಮಾತ್ರ ಎರಡು ಹರಿದಾರಿ ಆಚೆಯ ಕಾಡಿಗೆ ಹೋಗತೊಡಗಿದಳು. ಒಂದು ದಿನ ಅಲ್ಲಿ ಸಿಕ್ಕಿಬಿದ್ದು ಕುಡುಗೋಲನ್ನು ಕಳೆದುಕೊಂಡು ಬಂದಳೆಂದು ಮನೆಯಲ್ಲಿ ಮಾತಾಡಿಕೊಂಡರು. ಆಮೇಲೆ ಆಕೆ ನಮ್ಮ ಮನೆಗೆ ಕಟ್ಟಿಗೆ ತರಲಿಲ್ಲ.

ಎಷ್ಟೋ ವರ್ಷಗಳ ನಂತರ, ಎಂ.ಎ. ತರಗತಿಯಲ್ಲಿ ಮೋಳಿಗೆಯ ಮಾರಯ್ಯನವರ ವಚನಗಳನ್ನು ಓದುವಾಗ ‘ಮೋಳಿಗೆ’ ಎಂಬ ಶಬ್ದಕ್ಕೆ ಗುರುಗಳು ಅರ್ಥ ಹೇಳಿದರು. ನನಗೆ ಆ ಅಜ್ಜಿಯ ಹೊರೆ ನೆನಪಾಯಿತು, ಹೆಬ್ಬೆಟ್ಟು ನೆನಪಾಯಿತು. ತನ್ನ ಅನ್ನದ ದಾರಿಯನ್ನು ಮುಚ್ಚುವ ಠರಾವಿಗೆ ಆಕೆಯಿಂದಲೇ ಒಪ್ಪಿಗೆ ಪಡೆದು ಬಂದವನು ನಾನು. ಅರವತ್ತು ದಾಟಿದ ಆಕೆ ಹತ್ತು ವರ್ಷದ ಹುಡುಗನಿಗೆ ‘ರೀ’ ಎಂದು ಮಾತಾಡಿದ್ದಳು. ನಾನು ಏಕವಚನದಲ್ಲಿ ‘ಹಾಕು’ ಎಂದಿದ್ದೆ. ಮನುಷ್ಯರನ್ನು ಹೇಗೆ ಸಂಬೋಧಿಸುತ್ತೇವೆ ಎಂಬುದರಲ್ಲಿಯೇ ನಮ್ಮ ಸದ್ಗತಿ ದುರ್ಗತಿಗಳಿವೆ ಎಂಬ ಬಸವಣ್ಣನವರ ಆಶಯವನ್ನು ನಾನು ಶಾಲೆಯಲ್ಲಿ ಕಂಠಪಾಠ ಮಾಡಿ ಬಹುಮಾನ ಪಡೆದಿದ್ದೆ.

ದೊಡ್ಡಪ್ಪನವರು ಕೆಟ್ಟವರಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ತ್ರಿಕಾಲ ಲಿಂಗಪೂಜೆಯನ್ನು ತಪ್ಪಿಸಿದವರಲ್ಲ. ಮನೆಗೆ ಬಂದ ಜಂಗಮರನ್ನು ಬರಿಗೈಯಲ್ಲಿ ಕಳುಹಿಸಿದವರಲ್ಲ. ಗುಡ್ಡ ಬೋಳಾಗುತ್ತಿದೆಯೆಂದು ಅವರಿಗೆ ನಿಜವಾಗಿಯೂ ಕಳವಳವಿತ್ತು. ಗಿಡಗಳು ಬೆಳೆದಾಗ ಅವರಿಗಾದ ಸಂತೋಷವೂ ನಿಜ. ಗುಡ್ಡಕ್ಕೆ ದಿನವೂ ಹೋಗುವವರು ಯಾರು, ಅವರನ್ನೊಮ್ಮೆ ಕೂಡ್ರಿಸಿಕೊಂಡು ಕೇಳಬೇಕು ಎಂಬ ಯೋಚನೆ ಮಾತ್ರ ಅವರಿಗೆ ಹೊಳೆಯಲಿಲ್ಲ. ಅನ್ಯಾಯವು ಅನೇಕ ಸಲ ದುಷ್ಟತನದಿಂದ ಹುಟ್ಟುವುದಿಲ್ಲ; ಹೀಗೆ ಹೊಳೆಯದೆ ಹೋದುದರಿಂದ ಹುಟ್ಟುತ್ತದೆ. ಆದುದರಿಂದಲೇ ಭಕ್ತರಾದ ನಾವು ಹೆಚ್ಚು ಎಚ್ಚರದಿಂದಿರಬೇಕು.

ಸಮಿತಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾತು ಇದ್ದಂತಾಗುವುದಿಲ್ಲ. ಇದನ್ನು ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲ್ ಅವರು 2001ರ ತಮ್ಮ ಪ್ರಬಂಧದಲ್ಲಿ ಶಾಸ್ತ್ರೀಯವಾಗಿ ವಿವೇಚಿಸಿದ್ದಾರೆ. ಪಾಲ್ಗೊಳ್ಳುವಿಕೆಯಲ್ಲಿ ಹಲವು ಮೆಟ್ಟಿಲುಗಳಿವೆ ಎನ್ನುತ್ತಾರೆ ಅವರು. ಪಟ್ಟಿಯಲ್ಲಿ ಹೆಸರಿರುವುದು ಮೊದಲ ಮೆಟ್ಟಿಲು. ನಿರ್ಣಯವಾದ ಮೇಲೆ ತಿಳಿಸಲ್ಪಡುವುದು, ಅಥವಾ ಸಭೆಗೆ ಬಂದು ಸುಮ್ಮನೆ ಕುಳಿತು ಏಳುವುದು ಅದರ ಮುಂದಿನದು. ಅಭಿಪ್ರಾಯವನ್ನು ಕೇಳಿಸಿಕೊಂಡರೂ ಅದು ನಿರ್ಣಯವನ್ನು ಮುಟ್ಟದಿರುವುದು ಇನ್ನೊಂದು. ಹೇಳಿದ ಕೆಲಸವನ್ನು ಮಾಡುವುದು ಮತ್ತೊಂದು. ಕೇಳಲಿ ಬಿಡಲಿ ತಾನಾಗಿ ಮಾತಾಡುವುದು ಅದಕ್ಕೂ ಮೇಲಿನದು. ಆಡಿದ ಮಾತಿನಿಂದ ನಿರ್ಣಯವೇ ಬದಲಾಗುವುದು ಕೊನೆಯ ಮೆಟ್ಟಿಲು. ನಮ್ಮೂರ ಅಜ್ಜಿ ಮೊದಲ ಮೆಟ್ಟಿಲಿನಲ್ಲಿಯೇ ಉಳಿದಳು. ಕೊನೆಯ ಮೆಟ್ಟಿಲನ್ನು ಹತ್ತಿದವರು ಯಾರೆಂದು ಕೇಳಿದರೆ ನನ್ನ ಕಣ್ಣ ಮುಂದೆ ಬರುವವರು ಆಯ್ದಕ್ಕಿ ಲಕ್ಕಮ್ಮನವರು.

ಪ್ರಸಂಗವು ನಿಮಗೆಲ್ಲ ಪರಿಚಿತವೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದು ಅಗತ್ಯಕ್ಕೆ ಮೀರಿದ್ದೆಂದು ಹೇಳಿ, ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಮಾರಯ್ಯನವರು ಸುರಿದು ಬಂದರು. ಇದರಲ್ಲಿ ಎರಡು ಸಂಗತಿಗಳಿವೆ. ಕಡುಬಡತನದ ಒಬ್ಬ ಹೆಣ್ಣುಮಗಳು ಮಾತಾಡಿದಳು ಎಂಬುದು ಒಂದು. ಆ ಮಾತಿನಿಂದ ಆದ ಕೆಲಸವೇ ಹಿಂದಕ್ಕೆ ತಿರುಗಿತು ಎಂಬುದು ಇನ್ನೊಂದು. ನಾವು ಮೊದಲನೆಯದನ್ನು ಕೊಂಡಾಡುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ಇನ್ನೂ ಒಂದು ಮಾತು: ಸಾಮಾನ್ಯ ಸಂಪತ್ತಿನಿಂದ ಎಷ್ಟನ್ನು ತೆಗೆದುಕೊಳ್ಳಬೇಕು ಎಂಬ ಮಿತಿಯನ್ನು ಇಲ್ಲಿ ಹಾಕಿದವರು ಅದನ್ನೇ ನಂಬಿ ಬದುಕುವ ಬಡವರು. ಬಡವರ ಮಾತನ್ನು ಕೇಳಿದರೆ ಕಾಡು ಬರಿದಾದೀತೆಂದು ಅಂಜುವವರು ಲಕ್ಕಮ್ಮನವರನ್ನು ಒಮ್ಮೆ ಸ್ಮರಿಸಬೇಕು.

ಅನುಭವ ಮಂಟಪದ ಗೋಷ್ಠಿಗಳ ವಿವರವಾದ ಚಿತ್ರ ನಮಗೆ ದೊರೆಯುವುದು 15ನೆಯ ಶತಮಾನ ಮತ್ತು ಅದರ ಆಸುಪಾಸಿನಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಗಳಲ್ಲಿ. ಅಲ್ಲಿ ಗಮನಿಸಬೇಕಾದುದು, ಬಂದವರನ್ನು ಬರಿದೆ ಕೂಡ್ರಿಸುವುದಿಲ್ಲ, ಮಾತಾಡಿಸುತ್ತಾರೆ ಎಂಬುದು. ಅಕ್ಕಮಹಾದೇವಿಯವರು ಬಂದಾಗ ಅಲ್ಲಮಪ್ರಭುಗಳು ಕಠಿಣವಾದ ಪ್ರಶ್ನೆಗಳನ್ನೇ ಕೇಳಿದರು. ಕೇಳಿ ಉತ್ತರಕ್ಕೆ ಕಾದರು. ಉತ್ತರವು ಸಭೆಯನ್ನು ಒಪ್ಪಿಸಿದಾಗ ಸಭೆ ತಲೆಬಾಗಿತು. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹಡಪದ ಅಪ್ಪಣ್ಣ ಎಂದು ಕಾಯಕವನ್ನು ಹೆಸರಿನೊಡನೆಯೇ ಕರೆದದ್ದು ಕೀಳುಗಳೆಯಲಿಕ್ಕಲ್ಲ. ಆ ಕಾಯಕದ ಅನುಭವವೇ ಅವರು ಸಭೆಗೆ ತಂದ ಅರಿವಾಗಿತ್ತು. ಚೌಡಯ್ಯನವರ ಮಾತಿನಲ್ಲಿ ಹೊಳೆ ಇದೆ, ದೋಣಿ ಇದೆ, ಹುಟ್ಟು ಇದೆ. ಕಾಡಿನ ಸಭೆಯಲ್ಲಿ ಹೊರೆ ಹೊರುವವಳ ಮಾತು ಇಲ್ಲವೆಂದರೆ ಅಲ್ಲಿ ಕಾಡಿನ ಅನುಭವವೇ ಇಲ್ಲವೆಂದು ಅರ್ಥ.

ನಮ್ಮೂರ ಗುಡ್ಡದಲ್ಲಿ ಹೀಗೆಯೇ ಆಯಿತು. ಅಕೇಶಿಯಾವನ್ನು ನೆಡಲು ಮುಖ್ಯ ಕಾರಣ, ಅದು ಬೇಗ ಬೆಳೆಯುತ್ತದೆ, ದನಗಳು ಅದರ ಎಲೆಯನ್ನು ಮುಟ್ಟುವುದಿಲ್ಲ, ಆದ್ದರಿಂದ ಕಾಯುವುದು ಸುಲಭ ಎಂಬುದು. ದನಗಳು ಮುಟ್ಟದ ಗಿಡ ಮೇವಿಗೂ ಆಗದಷ್ಟೆ! ಗುಡ್ಡದಲ್ಲಿ ಏನು ಬೇಕೆಂದು ಕೇರಿಯ ಹೆಂಗಸರನ್ನೂ ಕುರಿ ಮೇಯಿಸುವವರನ್ನೂ ಕೇಳಿದ್ದರೆ ನೆಲ್ಲಿ, ಹುಣಸೆ, ಮತ್ತಿ, ಊಟದೆಲೆಗೆ ಮುತ್ತುಗ ಎಂದು ಹೇಳುತ್ತಿದ್ದರು. ಗುಡ್ಡದ ಒಂದು ಪಾಲನ್ನು ಈ ವರ್ಷ, ಇನ್ನೊಂದು ಪಾಲನ್ನು ಮುಂದಿನ ವರ್ಷ ಮುಚ್ಚಿ, ಒಣ ಕಟ್ಟಿಗೆಗೆ ದಾರಿಯನ್ನು ಬಿಡಬಹುದು ಎಂದೂ ಹೇಳುತ್ತಿದ್ದರೇನೋ. ಯಾರೂ ಕೇಳಲಿಲ್ಲ.

ಕೇಳದಿರುವುದರ ನಷ್ಟವು ಬಡವರಿಗೆ ಮಾತ್ರವಲ್ಲ, ಕಾಡಿಗೂ ತಟ್ಟುತ್ತದೆಂಬುದಕ್ಕೆ ನಾಡಿನ ದಕ್ಷಿಣದ ತುದಿಯ ಒಂದು ನಿದರ್ಶನವಿದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಬೇಸಿಗೆಯ ಆರಂಭದಲ್ಲಿ ಕಾಡಿನ ತರಗೆಲೆಗೆ ಸಣ್ಣ ಬೆಂಕಿಯನ್ನು ಹಾಕುತ್ತಿದ್ದರು. ಇದನ್ನು ‘ತರಗು ಬೆಂಕಿ’ ಎನ್ನುತ್ತಾರೆ. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಮುಂದಿನ ದಶಕಗಳಲ್ಲಿ ಲಂಟಾನದ ಪೊದೆಗಳು ಕಾಡಿನ ನೆಲವನ್ನು ಆವರಿಸಿದವು. ನೆಲ್ಲಿಯ ಮರಗಳಿಗೆ ‘ಉಪ್ಪಿಲು’ ಎಂಬ ಬದನಿಕೆ ಹಬ್ಬಿತು. ತರಗು ಬೆಂಕಿ ನಿಂತದ್ದೇ ಇವೆರಡಕ್ಕೂ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದರು. ಅವರ ಮಾತನ್ನು ಸಂಶೋಧಕರು ದಾಖಲಿಸಿ, ಗಂಭೀರವಾಗಿ ಪರಿಶೀಲಿಸತೊಡಗಿದ್ದು ಬಹಳ ತಡವಾಗಿ. ಅಷ್ಟರಲ್ಲಿ ಸೋಲಿಗರ ಜೀವನಾಧಾರವಾಗಿದ್ದ ಜೇನು, ನೆಲ್ಲಿ, ಪಾಚಿಗಳ ಸಂಗ್ರಹಕ್ಕೂ ತಡೆ ಬಿದ್ದಿತ್ತು. 2011ರಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳೂ ದೊರೆತವು. ಹುಲಿಯ ಕಾಡಿನಲ್ಲಿ ಜನರ ಹಕ್ಕನ್ನು ಹೀಗೆ ಮಾನ್ಯ ಮಾಡಿದ್ದು ದೇಶಕ್ಕೇ ಮೇಲ್ಪಂಕ್ತಿ.

ಸೋಲಿಗರು ನಮಗೆ ಹೊರಗಿನವರಲ್ಲ. ಮಲೆಯ ಮಹದೇಶ್ವರ ಸ್ವಾಮಿಯವರ ಒಕ್ಕಲು ಅವರು. ಮಹದೇಶ್ವರ ಕಾವ್ಯದಲ್ಲಿ ಬರುವ ಸಂಕಮ್ಮ ಸೋಲಿಗರ ಹೆಣ್ಣುಮಗಳು. ಕಾಡಿಗೆ ಹೊರಟ ಗಂಡನು ಆಕೆಯ ನಡತೆಯನ್ನು ಶಂಕಿಸಿ ಆಣೆ ಭಾಷೆಗಳನ್ನು ಕೇಳುತ್ತಾನೆ. ಆಕೆ ಕೊಡಲು ಒಪ್ಪುವುದಿಲ್ಲ. ಒಪ್ಪದ ತಪ್ಪಿಗೆ ಘೋರ ಹಿಂಸೆಯನ್ನು ಅನುಭವಿಸುತ್ತಾಳೆ. ಮಾದಪ್ಪನು ಬಂದು ಒಲಿಯುವುದು ಆಣೆ ಕೇಳಿದ ಗಂಡನಿಗಲ್ಲ, ಒಲ್ಲೆನೆಂದ ಈ ಹೆಂಗಸಿಗೆ. ಬೇಡವೆನ್ನುವ ಹಕ್ಕು ಇದ್ದಾಗ ಮಾತ್ರ ಒಪ್ಪಿಗೆಗೆ ಬೆಲೆ ಎಂಬುದನ್ನು ನಮ್ಮ ಜನಪದರು ಎಷ್ಟು ಸರಳವಾಗಿ ಅರಿತಿದ್ದರು! ನಾನು ಮುಂದೆ ಹಿಡಿದ ಪುಸ್ತಕಕ್ಕೆ ‘ಒಲ್ಲೆ’ ಎನ್ನುವ ಅವಕಾಶ ನಮ್ಮೂರ ಅಜ್ಜಿಗೆ ಇತ್ತೇ?

ಕಾನೂನು ಈಗ ಸಾಕಷ್ಟು ಮುಂದೆ ಬಂದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯು ತಮ್ಮ ಸಮುದಾಯದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನು ಬುಡಕಟ್ಟಿನವರಿಗೂ ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಮಾನ್ಯ ಮಾಡಿ, ನಿರ್ಣಯವನ್ನು ಗ್ರಾಮಸಭೆಯ ಕೈಗೆ ಕೊಟ್ಟಿತು. 2012ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಗ್ರಾಮಸಭೆಯ ಸದಸ್ಯರಲ್ಲಿ ಅರ್ಧದಷ್ಟು ಜನರಾದರೂ ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೆಯ ಒಂದು ಭಾಗದಷ್ಟಾದರೂ ಮಹಿಳೆಯರಿರಬೇಕು. ನೆರೆಯ ನೇಪಾಳವು ಇನ್ನೂ ಮುಂದಕ್ಕೆ ಹೋಗಿದೆ; ಅಲ್ಲಿಯ 2009ರ ಮಾರ್ಗಸೂಚಿಯು ಸಮುದಾಯ ಅರಣ್ಯದ ಕಾರ್ಯಕಾರಿ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು ಹೇಳುತ್ತದೆ. ಬೀನಾ ಅಗರವಾಲ್ ಅವರು ಗುಜರಾತ್ ಮತ್ತು ನೇಪಾಳಗಳ ಅರಣ್ಯ ಗುಂಪುಗಳನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಮಹತ್ವದ ಸಂಗತಿಯಿದೆ. ಸಮಿತಿಯಲ್ಲಿ ಒಬ್ಬಿಬ್ಬರು ಹೆಂಗಸರಿದ್ದರೆ ಅವರು ಬಾಯಿ ತೆರೆಯುವುದು ಕಷ್ಟ. ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಇದ್ದಾಗ ಮಾತು ಹೊರಡುತ್ತದೆ. ಹೆಂಗಸರೇ ನಡೆಸುವ ನೇಪಾಳದ ಗುಂಪುಗಳಲ್ಲಿ, ಸಿಕ್ಕ ಕಾಡು ಚಿಕ್ಕದೂ ಕೆಟ್ಟದ್ದೂ ಆಗಿದ್ದರೂ, ಕಾಡಿನ ಸ್ಥಿತಿ ಹೆಚ್ಚು ಸುಧಾರಿಸಿತ್ತು.

ಆದರೆ ಕಾನೂನು ಸಂಖ್ಯೆಯನ್ನು ಕೊಡಬಲ್ಲುದು, ಕಿವಿಯನ್ನು ಕೊಡಲಾರದು. ಹಾಜರಿಯ ಪುಸ್ತಕವನ್ನು ಮನೆಮನೆಗೆ ಒಯ್ಯುವ ಹುಡುಗನೊಬ್ಬನಿದ್ದರೆ ಯಾವ ಕೋರಂ ಆದರೂ ತುಂಬುತ್ತದೆ! ಸಭೆಯ ಹೊತ್ತು, ಸಭೆಯ ಜಾಗ, ಸಭೆಯ ಭಾಷೆ ಇವು ಮೂರೂ ಯಾವ ನಿಯಮಕ್ಕೂ ಸಿಗದ ಬೀಗಗಳು. ಸಂಜೆ ಒಲೆ ಹೊತ್ತಿಸುವ ಹೊತ್ತಿನಲ್ಲಿ ಕರೆದರೆ ಹೆಂಗಸರು ಬರಲಾರರು. ಗೌಡರ ಪಡಸಾಲೆಯಲ್ಲಿ, ಗುಡಿಯ ಕಟ್ಟೆಯಲ್ಲಿ ಕರೆದರೆ ಕೇರಿಯವರು ಅಂಗಳದಲ್ಲಿಯೇ ನಿಲ್ಲುತ್ತಾರೆ. ಠರಾವನ್ನು ಕಚೇರಿಯ ಭಾಷೆಯಲ್ಲಿ ಗಡಿಬಿಡಿಯಿಂದ ಓದಿದರೆ ಓದು ಬಲ್ಲವರಿಗೂ ತಿಳಿಯದು. ಕೂಲಿ ಕೊಡುವ ಧಣಿಯೇ ಎದುರಿನ ಕುರ್ಚಿಯಲ್ಲಿ ಕುಳಿತಿದ್ದಾಗ ‘ಯಾರಾದರೂ ಏನಾದರೂ ಹೇಳುವುದಿದೆಯೇ?’ ಎಂದು ಕೇಳಿದರೆ ಮೌನವಲ್ಲದೆ ಇನ್ನೇನು ದೊರೆತೀತು? ಆ ಮೌನವನ್ನು ನಾವು ಸರ್ವಾನುಮತವೆಂದು ಬರೆದುಕೊಳ್ಳುತ್ತೇವೆ.

ಧಾರ್ಮಿಕ ಚಿಂತನೆಯಲ್ಲಿ ಇದೆಲ್ಲ ಯಾಕೆ ಎಂದು ಕೆಲವು ಹಿರಿಯರು ಕೇಳಬಹುದು. ಕಾಯಕವನ್ನು ಧರ್ಮವೆಂದ ಮೇಲೆ ಕಾಯಕದ ದಾರಿಯನ್ನು ಮುಚ್ಚುವ ನಿರ್ಣಯವೂ ಧರ್ಮದ ಪ್ರಶ್ನೆಯೇ ಆಗುತ್ತದೆ ಎಂಬುದು ನನ್ನ ವಿನಮ್ರ ಉತ್ತರ. ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸವಾಗದು, ಅಷ್ಟರಲ್ಲಿ ಕಾಡು ಹಾಳಾದೀತು ಎಂಬ ವಾದವೂ ಇದೆ. ತಡವಾಗುವುದು ನಿಜ. ಎಲ್ಲ ಬೇಡಿಕೆಗಳನ್ನೂ ಒಪ್ಪಲಾಗದೆಂಬುದೂ ನಿಜ. ಗುಡ್ಡವನ್ನು ಸ್ವಲ್ಪ ಕಾಲ ಮುಚ್ಚಲೇಬೇಕಾದ ಸಂದರ್ಭಗಳಿವೆ. ಮೇಕೆ ಮೇಯಿಸುವವರಿಗೂ ಜೇನು ತೆಗೆಯುವವರಿಗೂ ನಡುವೆಯೇ ಭಿನ್ನಾಭಿಪ್ರಾಯವಿರಬಹುದು. ಆದರೆ ತನ್ನ ಎದುರಿಗೆ ಚರ್ಚಿಸಿ, ತನ್ನ ಕಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ನಿಯಮವನ್ನು ಮನುಷ್ಯನು ಕಾಯುತ್ತಾನೆ. ಬೆನ್ನ ಹಿಂದೆ ಮಾಡಿದ ನಿಯಮವನ್ನು ಕತ್ತಲಲ್ಲಿ ಮುರಿಯುತ್ತಾನೆ. ಕಾಯುವವರು ಯಾರೋ ಅವರಿಗೇ ಕಾಡು ತಮ್ಮದೆಂಬ ಭಾವನೆಯಿಲ್ಲದಿದ್ದರೆ ಎಷ್ಟು ಅಗಳು ತೋಡಿದರೇನು?

ಶ್ರೀಮಠದ ಭಕ್ತರಲ್ಲಿ ಗ್ರಾಮ ಪಂಚಾಯಿತಿಯ ಸದಸ್ಯರಿದ್ದೀರಿ, ಅರಣ್ಯ ಸಮಿತಿಗಳ ಅಧ್ಯಕ್ಷರಿದ್ದೀರಿ, ಊರಿನಲ್ಲಿ ಮಾತು ನಡೆಯುವ ಹಿರಿಯರಿದ್ದೀರಿ. ಅನೇಕ ಊರುಗಳಲ್ಲಿ ಆ ಕುರ್ಚಿಯಲ್ಲಿ ಕುಳಿತವರು ನಮ್ಮವರೇ ಎಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳೋಣ. ಆದುದರಿಂದ ನಿಮ್ಮಲ್ಲಿ ನನ್ನ ಅರಿಕೆ ಇಷ್ಟು. ಮುಂದಿನ ಸಲ ಕಾಡಿನ, ಗೋಮಾಳದ, ಕೆರೆಯಂಗಳದ ವಿಷಯವು ಸಭೆಗೆ ಬಂದಾಗ, ಅಲ್ಲಿಗೆ ದಿನವೂ ಹೋಗುವವರು ಯಾರೆಂದು ಮೊದಲು ಪಟ್ಟಿ ಮಾಡಿರಿ. ಅವರಿಗೆ ಬಿಡುವಾದ ಹೊತ್ತಿಗೆ, ಅವರು ಅಂಜಿಕೆಯಿಲ್ಲದೆ ಕೂಡ್ರಬಲ್ಲ ಜಾಗಕ್ಕೆ, ಬೇಕಾದರೆ ಅವರ ಕೇರಿಗೇ ನೀವು ಹೋಗಿರಿ. ಹೆಂಗಸರ ಮಾತನ್ನು ಮೊದಲು ಕೇಳಿರಿ; ಗಂಡಸರ ಮಾತು ಮುಗಿದ ಮೇಲೆ ಕೇಳಿದರೆ ಹೇಳಲು ಏನೂ ಉಳಿದಿರುವುದಿಲ್ಲ. ಠರಾವನ್ನು ಆಡುಮಾತಿನಲ್ಲಿ ಓದಿ ಹೇಳಿರಿ. ಯಾರಿಗೆ ನಷ್ಟವಾಗುತ್ತದೋ ಅವರ ಬಾಯಿಂದಲೇ ಆ ನಷ್ಟವನ್ನು ನಡಾವಳಿಯಲ್ಲಿ ಬರೆಯಿಸಿರಿ. ಒಬ್ಬರಾದರೂ ‘ಒಲ್ಲೆ’ ಎಂದರೆ ಅದನ್ನು ಅಳಿಸಬೇಡಿರಿ, ಯಾಕೆಂದು ಕೇಳಿರಿ. ಮಕ್ಕಳ ಕೈಯಲ್ಲಿ ಸಹಿಯ ಪುಸ್ತಕವನ್ನು ಕೊಟ್ಟು ಕಳುಹಿಸಬೇಡಿರಿ.

ದಾಸೋಹವೆಂದರೆ ಅನ್ನವನ್ನು ಬಡಿಸುವುದಷ್ಟೇ ಎಂದು ನಾವು ಬಹುಕಾಲದಿಂದ ತಿಳಿದುಕೊಂಡಿದ್ದೇವೆ. ಒಬ್ಬರು ತಮ್ಮ ಅನ್ನವನ್ನು ತಾವೇ ದುಡಿದುಕೊಳ್ಳುವ ದಾರಿಯನ್ನು ಮುಚ್ಚಿಬಿಟ್ಟು, ಆಮೇಲೆ ಪಂಕ್ತಿಯಲ್ಲಿ ಕೂಡ್ರಿಸಿ ಬಡಿಸಿದರೆ ಅದನ್ನು ದಾಸೋಹವೆನ್ನಲಾಗದು. ನಮ್ಮೂರ ಅಜ್ಜಿ ಕೊನೆಯ ವರ್ಷಗಳಲ್ಲಿ ಜಾತ್ರೆಯ ದಿನ ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಿದ್ದಳು. ನಮ್ಮ ಅಮ್ಮ ಹೊಟ್ಟೆ ತುಂಬ ಬಡಿಸುತ್ತಿದ್ದರು. ಉಣ್ಣುವಾಗ ಆಕೆ ತಲೆ ಎತ್ತುತ್ತಿರಲಿಲ್ಲ. ಹೊರೆಯನ್ನು ಹೊತ್ತು ತರುತ್ತಿದ್ದ ದಿನಗಳಲ್ಲಿ ಕಟ್ಟಿಗೆಯ ಬೆಲೆಯನ್ನು ಎಣಿಸಿಕೊಂಡು, ಕಡಿಮೆಯಾದರೆ ನಮ್ಮ ಅಜ್ಜಿಯೊಡನೆ ಜಗಳಾಡಿ ಹೋಗುತ್ತಿದ್ದವಳು ಆಕೆಯೇ.

ಆ ಪುಸ್ತಕವು ಈಗ ಎಲ್ಲಿದೆಯೋ ತಿಳಿಯದು. ಆಕೆ ಕೇಳಿದ ಪ್ರಶ್ನೆಗೆ ನಾನು ಉತ್ತರಿಸುವ ಮುನ್ನವೇ ಆಕೆ ಲಿಂಗೈಕ್ಯಳಾದಳು. ಕೇರಿಯವಳಿಗೆ ಆ ಮಾತನ್ನು ಬಳಸಬಹುದೇ ಎಂದು ಯಾರಿಗಾದರೂ ಅನ್ನಿಸಿದರೆ, ಅವರು ಮೋಳಿಗೆಯ ಮಾರಯ್ಯನವರ ವಚನಗಳನ್ನು ಮತ್ತೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.